ರಟ್ಟಮ್ಮ ಟೀಚರ್ ಮತ್ತು ಇಪ್ಪತ್ತಮೂರು ಮುಚ್ಚಳ

ತಂದೆತಾಯಿ ಇಟ್ಟ ಹೆಸರು ಆಕೆಗೆ ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದಿತ್ತು. ಮಕ್ಕಳಿಗೆ ಆಕೆ ರಟ್ಟಮ್ಮ ಟೀಚರ್, ದೊಡ್ಡವರಿಗೆ ಬರೀ ರಟ್ಟಮ್ಮ. ಕಾರಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ರಟ್ಟಿನ ಪೆಟ್ಟಿಗೆ ಮಾಡುವುದು ಆ ಮನೆಯ ಕಸುಬು. ಕೆಳಗೆ ಕಾರ್ಖಾನೆ, ಮೇಲೆ ಮನೆ. ಚಪ್ಪಲಿ ಅಂಗಡಿಗೆ, ಬೇಕರಿಗೆ, ಔಷಧಿ ಅಂಗಡಿಗೆ ಬೇಕಾದ ಪೆಟ್ಟಿಗೆಗಳೆಲ್ಲ ಆ ಕೆಳಗಿನ ಉದ್ದನೆಯ ಕೋಣೆಯಿಂದ ಹೊರಡುತ್ತಿದ್ದವು. ಅಪ್ಪ ಹೋದ ಮೇಲೆ ಅಕ್ಕ ತಮ್ಮ ಸೇರಿ ನಡೆಸಿದರು. ತಮ್ಮ ಗಿರಾಕಿಗಳನ್ನು ನೋಡಿಕೊಂಡ, ಅಕ್ಕ ಕತ್ತರಿಸುವ ಯಂತ್ರವನ್ನು ನೋಡಿಕೊಂಡಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಅಳತೆ ಕೂರಲಿಲ್ಲ" ಎನ್ನುತ್ತಿದ್ದಳು. ಎರಡನೆಯ ಸಲ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಅಪ್ಪ ಬಿಟ್ಟುಹೋದ ಉಪದೇಶ ಒಂದೇ: ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಅದು ಪೆಟ್ಟಿಗೆಯಲ್ಲ, ತಟ್ಟೆ.

ಇಪ್ಪತ್ತೇಳನೆಯ ವಯಸ್ಸಿನಲ್ಲಿ ಆಕೆ ಚರ್ಚಿನ ಸಂಡೇ ಸ್ಕೂಲಿನ ಟೀಚರಾದಳು. ಯಾರೂ ಒಪ್ಪದ ಕೆಲಸವಾದ್ದರಿಂದ ಆಕೆಗೆ ಬಂತು. ಚರ್ಚಿನ ಪಕ್ಕದ ಕೋಣೆ, ಗಿಡ್ಡ ಬೆಂಚುಗಳು, ಸೈಕಲ್ ನಿಲ್ಲಿಸುವ ಜಾಗದ ಕಡೆಗೆ ಒಂದು ಕಿಟಕಿ. ಕಥೆ ಹೇಳುವುದು ಆಕೆಗೆ ಬರುತ್ತಿರಲಿಲ್ಲ. ಮೊದಲ ಭಾನುವಾರ ನೋಹನ ನಾವೆಯ ಕಥೆಯನ್ನು ನಾವೆಯ ಉದ್ದಗಲದಿಂದ ಶುರುಮಾಡಿ ಅಲ್ಲಿಯೇ ಮುಗಿಸಿದಳು. ಮಕ್ಕಳು ಆಕಳಿಸಿದರು. ಎರಡನೆಯ ಭಾನುವಾರ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ರಟ್ಟನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿ ನೆಲದ ಮೇಲೆ ಸುರಿದು, "ಮಾಡಿ ನಾವೆ" ಎಂದಳು. ಅಂದು ಒಬ್ಬರೂ ಆಕಳಿಸಲಿಲ್ಲ.

ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಬಾಯಿಪಾಠ ನಡೆಯಲಿಲ್ಲ. ಕೂಗಿಗೇ ಉರುಳಿದ ಯೆರಿಕೋವಿನ ಗೋಡೆ ಎಂದರೆ ಚಪ್ಪಲಿ ಪೆಟ್ಟಿಗೆಗಳ ಗೋಡೆ. ಮಕ್ಕಳು ಅದರ ಸುತ್ತ ಆರು ಸುತ್ತು ತುಟಿ ಬಿಚ್ಚದೆ ನಡೆಯಬೇಕು, ಏಳನೆಯ ಸುತ್ತಿಗೆ ಗಂಟಲು ಹರಿಯುವಂತೆ ಕೂಗಬೇಕು. ಮೀನಿನ ಹೊಟ್ಟೆ ಸೇರಿದ ಯೋನನೆಂದರೆ ಮೇಜಿನ ಕೆಳಗೆ ಕತ್ತಲಲ್ಲಿ ಕೂತ ಒಬ್ಬ, ಮೇಲೆ ಕೈಯಿಂದ ಬಡಿಯುವ ಇಪ್ಪತ್ತು ಜನ. ಮರ ಹತ್ತಿದ ಕುಳ್ಳ ಜಕ್ಕಾಯನಾಗಲು ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಗಿರುವವನಿಗೇ ಅವಕಾಶ, ಏಣಿ ಹತ್ತುವುದು ಅವನೊಬ್ಬನೇ. ಹೀಗಾಗಿ ಆ ಚರ್ಚಿನಲ್ಲಿ ಬೆಳೆದ ಮಕ್ಕಳಿಗೆ ಕುಳ್ಳಗಿರುವುದು ಒಂದು ಪದವಿಯಾಗಿತ್ತು. ನೀತಿ ಏನೆಂದು ಆಕೆ ಹೇಳುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ನಂಗೇನು ಗೊತ್ತು, ಮೇಜಿನ ಕೆಳಗೆ ಕೂತಿದ್ದವನು ನೀನು" ಎನ್ನುತ್ತಿದ್ದಳು.

ಆದರೆ ಆಕೆಯ ತರಗತಿಯ ಮುಖ್ಯ ಕೆಲಸ ಆಟವಲ್ಲ, ಪೆಟ್ಟಿಗೆ. ವರ್ಷದ ಮೊದಲ ಭಾನುವಾರ ಪ್ರತಿಯೊಂದು ಮಗುವಿಗೂ ಬೈಬಲಿನ ಒಬ್ಬ ವ್ಯಕ್ತಿ ಸಿಗುತ್ತಿದ್ದ. ಒಂದು ವರ್ಷವಿಡೀ ಅವನೊಬ್ಬನೇ. ಮಗು ತನ್ನ ಕೈಯಿಂದ ಒಂದು ಪೆಟ್ಟಿಗೆ ಮಾಡಬೇಕು, ಅದಕ್ಕೆ ಉಣ್ಣೆಯ ಗಡ್ಡ, ಬಟ್ಟೆಯ ಚೂರಿನ ಮೇಲಂಗಿ, ಗುಂಡಿಯ ಕಣ್ಣು ಅಂಟಿಸಿ ಅದನ್ನೇ ಆ ಮನುಷ್ಯನನ್ನಾಗಿ ಮಾಡಬೇಕು. ಹೊರಗಡೆ ಇರುವುದು ಊರಿಗೆ ಗೊತ್ತಿರುವುದು. ಒಳಗಡೆ ಒಂದು ಚೀಟಿ: ಈ ಮನುಷ್ಯ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಏನು? ಮಗು ಯೋಚನೆಮಾಡಿ ಅದನ್ನು ಬರೆದು, ಒಳಗೆ ಹಾಕಿ, ಮುಚ್ಚಳ ಒತ್ತಬೇಕು.

ನಿಯಮ ಒಂದೇ ಒಂದು. ಮುಚ್ಚಳ ತೆಗೆಯುವ ಹಕ್ಕು ಮಾಡಿದವರಿಗೆ ಮಾತ್ರ. ಪಕ್ಕದ ಮಗುವಿಗಿಲ್ಲ, ಪಾಸ್ಟರಿಗಿಲ್ಲ, ಟೀಚರಿಗೂ ಇಲ್ಲ. ವರ್ಷದ ಕೊನೆಗೆ ಮಕ್ಕಳು ಪೆಟ್ಟಿಗೆಯನ್ನು ಮನೆಗೆ ಒಯ್ಯುತ್ತಿದ್ದರು. ಅಲ್ಲಿಯವರೆಗೆ ಅವು ಕೋಣೆಯ ಬೀರುವಿನಲ್ಲಿ. ಬೀಗದ ಕೈ ಆಕೆಯ ಕೈಚೀಲದಲ್ಲಿ. "ನಾನು ತೆಗೆಯಲ್ಲ, ಬೇರೆಯವರು ತೆಗೆಯೋಕೆ ಬಿಡಲ್ಲ" ಎಂದು ಪ್ರತಿ ವರ್ಷ ಒಂದೇ ಸಲ ಹೇಳುತ್ತಿದ್ದಳು. ಆ ತರಗತಿ ನಿಂತಿದ್ದುದು ಆ ಮಾತಿನ ಮೇಲೆ. ಮೊದಮೊದಲು ಮಕ್ಕಳು ಯೋನನ ಗುಟ್ಟು, ಮಾರ್ಥಳ ಗುಟ್ಟು ಬರೆಯುತ್ತಿದ್ದರು. ಯಾರೂ ತೆಗೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ತಮ್ಮದನ್ನೇ ಬರೆಯತೊಡಗಿದರು. ಹಾಗೆಂದು ಆಕೆಗೆ ಅಂದಾಜಿತ್ತು. ಬರೆಯುವಾಗ ಕೈಯನ್ನು ಗೋಡೆಯಂತೆ ಅಡ್ಡ ಹಿಡಿಯುವ ಮಗು ಯೋನನ ವಿಷಯ ಬರೆಯುತ್ತಿರುವುದಿಲ್ಲ. ಆದರೆ ಮೂವತ್ತೊಂದು ವರ್ಷದಲ್ಲಿ ಆಕೆ ಒಂದು ಮುಚ್ಚಳವನ್ನೂ ಎತ್ತಿ ನೋಡಲಿಲ್ಲ.

ಆ ಮೂವತ್ತೊಂದು ವರ್ಷವೂ ಆಕೆಯ ಜೊತೆಗಿದ್ದವಳು ಹಾರ್ಮೋನಿಯಂ ಆಂಟಿ. ಮಕ್ಕಳಿಗೆ ಹಾಡು ಕಲಿಸುತ್ತಿದ್ದುದರಿಂದ ಆ ಹೆಸರು. ಇಬ್ಬರೂ ಒಂದೇ ವಯಸ್ಸು, ಒಂದೇ ವರ್ಷ ಸೇರಿದವರು. ಇವಳು ಒಣಗಿದ ರಟ್ಟಿನಂತೆ ನೆಟ್ಟಗೆ, ಅವಳು ಮಾತು, ನಗು, ಹೊಸ ಸೀರೆ. ರಟ್ಟಮ್ಮನ ಅಪ್ಪ ತೀರಿಕೊಳ್ಳುವಾಗ ಅವರ ಕಾಲ ಬಳಿ ಕೂತವಳು ಅವಳು. ಅವಳ ಗಂಡ ಹೋದಾಗ ಮೂರು ತಿಂಗಳು ಆ ಮನೆಯ ಒಲೆ ಹಚ್ಚಿದವಳು ಇವಳು. ರಟ್ಟಮ್ಮನಿಗೆ ಅಕ್ಕತಂಗಿಯರಿರಲಿಲ್ಲ, ಆ ಜಾಗದಲ್ಲಿ ಅವಳಿದ್ದಳು.

ಚರ್ಚಿಗೆ ಐವತ್ತು ತುಂಬುವ ವರ್ಷ ಬಂತು. ಪಾಸ್ಟರ್ ಹೊಸಬರು. ಅಚ್ಚು ಹಾಕಿದ ಬಣ್ಣದ ಅಭ್ಯಾಸ ಪುಸ್ತಕಗಳನ್ನು ತರಿಸಿ ಮಕ್ಕಳಿಗೆ ಕೊಡೋಣ ಎಂಬ ಯೋಚನೆ ಅವರದು. ಸಭೆಯ ಕಾರ್ಯದರ್ಶಿ ತಲೆಯಾಡಿಸಿದ.

"ಮೂವತ್ತು ವರ್ಷದಿಂದ ರಟ್ಟು ಅಂಟಿಸ್ತಾ ಇದ್ದಾರೆ. ಮಕ್ಕಳು ಏನು ಕಲಿತ್ರು ಅಂತ ತೋರಿಸೋಕೆ ಏನಿದೆ ನಮ್ಮ ಹತ್ರ?" ಎಂದ.

"ಮುಚ್ಚಿದ ಪೆಟ್ಟಿಗೆ ಇದೆ" ಎಂದಳು ರಟ್ಟಮ್ಮ. ಯಾರೋ ನಕ್ಕರು. ಆಕೆ ನಗಲಿಲ್ಲ. ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಪೆಟ್ಟಿಗೆಗಳನ್ನು ಮುಚ್ಚಿದ ಹಾಗೆಯೇ ಸಾಲಾಗಿ ಇಡುವುದು, ಆಮೇಲೆ ಪುಸ್ತಕದ ಮಾತು ಎಂದು ತೀರ್ಮಾನವಾಯಿತು.

ಅದೇ ಹೊತ್ತಿಗೆ ಆಕೆಯ ಕಣ್ಣಿನ ಪೊರೆ ಹಣ್ಣಾಯಿತು. ಬಲಗಣ್ಣಿಗೆ ಆಪರೇಷನ್, ಎಡಗಣ್ಣು ಮಂಜು ಮುಸುಕಿದ ಕಿಟಕಿ. ಎರಡು ವಾರ ರಟ್ಟಿನ ಧೂಳಿನ ಹತ್ತಿರ ಸುಳಿಯಬಾರದು ಎಂದರು ಡಾಕ್ಟರು. ಎರಡು ಭಾನುವಾರ ತರಗತಿಯನ್ನು ಹಾರ್ಮೋನಿಯಂ ಆಂಟಿ ನೋಡಿಕೊಳ್ಳುವುದೆಂದಾಯಿತು. ಕೆಲವು ಪೆಟ್ಟಿಗೆಗಳಿಗೆ ಗಡ್ಡ ಮೀಸೆ ಅಂಟಿಸುವುದು ಇನ್ನೂ ಬಾಕಿಯಿತ್ತು. ಆದ್ದರಿಂದ ಬೀರುವಿನ ಬೀಗದ ಕೈಯನ್ನೂ ಕೊಟ್ಟಳು. ಮೂವತ್ತೊಂದು ವರ್ಷದಲ್ಲಿ ಅದು ಆಕೆಯ ಚೀಲದಿಂದ ಹೊರಗೆ ಹೋದದ್ದು ಅದೇ ಮೊದಲು.

ಆಪರೇಷನ್ ಆದ ಮೂರನೆಯ ದಿನ ಹಾರ್ಮೋನಿಯಂ ಆಂಟಿ ಒಂದು ಕಾಗದ ತಂದಳು. ರಟ್ಟಮ್ಮ ಮೇಲಿನ ಮನೆಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಕೆಳಗೆ ಯಂತ್ರದ ಸದ್ದು.

"ಏನೇ ಅದು?"

"ಪ್ರದರ್ಶನಕ್ಕೆ ಒಪ್ಪಿಗೆ ಪತ್ರ. ಕಾರ್ಯದರ್ಶಿಗೆ ಎಲ್ಲ ಕಾಗದದ ಮೇಲೆ ಇರಬೇಕು. ಸೊಳ್ಳೆ ಹೊಡೆಯೋಕೂ ಅರ್ಜಿ ಕೇಳ್ತಾನೆ ಮಾರಾಯ್ತಿ."

"ಓದು."

ಅವಳು ಓದಿದಳು. ಮಕ್ಕಳ ತರಗತಿಯ ಇಪ್ಪತ್ತಮೂರು ಪೆಟ್ಟಿಗೆಗಳನ್ನು ಐವತ್ತನೆಯ ವರ್ಷದ ಪ್ರದರ್ಶನದಲ್ಲಿ ಇಡಲು ನನ್ನ ಒಪ್ಪಿಗೆಯಿದೆ.

"ಮುಚ್ಚಿದ ಹಾಗೇ."

"ಮುಚ್ಚಿದ ಹಾಗೇ ಕಣೇ. ಎಷ್ಟು ಸಲ ಹೇಳ್ತೀಯ?"

"ಅಷ್ಟೇನಾ? ಕಾಗದ ಮಡಚೋ ಸದ್ದು ಕೇಳಿದ್ರೆ ದೊಡ್ಡದಿರೋ ಹಾಗಿದೆ."

"ಕೆಳಗೆ ತಾರೀಕು, ಮೇಜು ಎಷ್ಟು ಬೇಕು, ಬಿಳಿ ಹಾಳೆ ಎಷ್ಟು ಬೇಕು ಅಂತಿದೆ. ಅದನ್ನೂ ಓದ್ಲಾ?"

"ಬೇಡ. ಎಲ್ಲಿ ಸಹಿ?"

ಹಾರ್ಮೋನಿಯಂ ಆಂಟಿ ಗೆಳತಿಯ ಬೆರಳನ್ನು ಹಿಡಿದು ಸರಿಯಾದ ಜಾಗದಲ್ಲಿ ಇಟ್ಟಳು. ರಟ್ಟಮ್ಮ ಸಹಿ ಮಾಡಿದಳು.

ಕುರುಡು ತಂದೆಯ ಮುಂದೆ, ತಾನೇ ಅಣ್ಣನೆಂದು ನಂಬಿಸಲು, ತೋಳಿಗೆ ಆಡಿನ ಚರ್ಮ ಸುತ್ತಿಕೊಂಡು ಬಂದು ನಿಂತ ಯಾಕೋಬನ ಕಥೆಯನ್ನು ಮೂವತ್ತೊಂದು ವರ್ಷ ಪಾಠಮಾಡಿದವಳು ಆಕೆ. ಧ್ವನಿ ಬೇರೆ ಮಗನದು ಎಂದು ಆ ಮುದುಕನಿಗಾದರೂ ಒಂದು ಅನುಮಾನ ಬಂದಿತ್ತು. ಈಕೆಗೆ ಅದೂ ಬರಲಿಲ್ಲ. ಮೂವತ್ತೊಂದು ವರ್ಷ ಕೇಳಿದ ಧ್ವನಿ, ಅನುಮಾನ ಹುಟ್ಟುವುದೆಲ್ಲಿಂದ?

ಪ್ರದರ್ಶನದ ಭಾನುವಾರ ಬೆಳಿಗ್ಗೆ ತಮ್ಮ ಆಕೆಯನ್ನು ಕೈಹಿಡಿದು ಕರೆದುಕೊಂಡು ಹೋದ. ಕಪ್ಪು ಕನ್ನಡಕ ಹಾಕಿದ್ದಳು. ಹೊಸದಾಗಿ ತೆರೆದ ಕಣ್ಣಿಗೆ ಬಣ್ಣಗಳೆಲ್ಲ ಆಗತಾನೇ ತೊಳೆದಿಟ್ಟಂತೆ ಕಾಣುತ್ತಿದ್ದವು. ಸಭಾಂಗಣದ ಬಾಗಿಲಲ್ಲಿ ಕಡ್ಡಿ ನಿಂತಿದ್ದಳು. ತೆಳ್ಳಗಿದ್ದ ಈ ಹತ್ತು ವರ್ಷದ ಹುಡುಗಿಯನ್ನು ಮಕ್ಕಳೆಲ್ಲ ಕಡ್ಡಿ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಲ್ಲಿ ಬೇಜಾರಿರಲಿಲ್ಲ. ಬಂದವರಿಗೆಲ್ಲ ಹಾಡಿನ ಹಾಳೆ ಕೊಡುವ ಕೆಲಸ ಅವಳದು, ಒಳಗೆ ಇನ್ನೂ ಕಾಲಿಟ್ಟಿರಲಿಲ್ಲ. ಟೀಚರಿಗೂ ಒಂದು ಕೊಟ್ಟು, "ಈಗ ಕಾಣತ್ತಾ ಟೀಚರ್? ನಾನು ಎಷ್ಟು ಬೆರಳು ತೋರಿಸ್ತಿದ್ದೀನಿ?" ಎಂದಳು.

"ನಾಲ್ಕು. ಉಗುರು ಕತ್ತರಿಸ್ಕೋ" ಎಂದು ರಟ್ಟಮ್ಮ ಒಳಗೆ ಹೋದಳು.

ಒಳಗೆ ತಮ್ಮ ನಿಂತುಬಿಟ್ಟ. "ಅಕ್ಕ, ಮುಚ್ಚಳ ಎಲ್ಲ ತೆಗೆದಿದ್ದಾರಲ್ಲ. ನೀನು ಹೇಳಿದ್ದಾ?"

ಉದ್ದನೆಯ ಮೇಜುಗಳ ಮೇಲೆ ಇಪ್ಪತ್ತಮೂರು ಪೆಟ್ಟಿಗೆಗಳು ಬಾಯಿ ತೆರೆದು ಕೂತಿದ್ದವು. ಪ್ರತಿಯೊಂದರ ಹಿಂದೆಯೂ ಒಂದು ಬಣ್ಣದ ಕಾರ್ಡು. ಕಾರ್ಡಿನ ಮೇಲೆ ಬೈಬಲಿನ ವ್ಯಕ್ತಿಯ ಹೆಸರು, ಅದರ ಕೆಳಗೆ ಮಗುವಿನ ಹೆಸರು, ಅದರ ಕೆಳಗೆ ಚೀಟಿಯಲ್ಲಿದ್ದ ಮಾತು. ಮಕ್ಕಳ ಕಾಗೆಕಾಲಿನ ಬರಹವಲ್ಲ. ಹಾರ್ಮೋನಿಯಂ ಆಂಟಿಯ ದುಂಡಗಿನ ಅಕ್ಷರ, ಹಸಿರು ಶಾಯಿ. ಇಪ್ಪತ್ತಮೂರು ಚೀಟಿಗಳನ್ನೂ ಕೂತು ನಕಲು ಮಾಡಿದ್ದಳು.

ಜನ ಓದಿಕೊಂಡು ನಗುತ್ತಿದ್ದರು. ಮಾರ್ಥಳ ಕಾರ್ಡಿನಲ್ಲಿ, ಅಜ್ಜಿ ಕನ್ನಡಕ ಮುರಿದಿದ್ದು ನಾನು, ತಮ್ಮ ಅಲ್ಲ, ಅವನು ಏಟು ತಿಂದ ಎಂದಿತ್ತು. ದೈತ್ಯ ಗೊಲ್ಯಾತನ ಪೆಟ್ಟಿಗೆ ಮಾಡಿದ್ದ ದೊಡ್ಡ ಮೈಕಟ್ಟಿನ ಹುಡುಗ, ನನಗೆ ಈಗಲೂ ಹಾಸಿಗೆ ಒದ್ದೆಯಾಗುತ್ತೆ ಎಂದು ಬರೆದಿದ್ದ. ಆ ಮೇಜಿನ ಹತ್ತಿರ ನಗು ಜಾಸ್ತಿ.

ಕಡ್ಡಿ ಮಾಡಿದ್ದ ಯಾಕೋಬನ ಮೇಜಿನ ಹತ್ತಿರ ನಗು ಇರಲಿಲ್ಲ. ಅಲ್ಲಿ ಕಡ್ಡಿಯ ಅಮ್ಮ ನಿಂತಿದ್ದಳು, ಆಸ್ಪತ್ರೆಯ ಕೆಲಸ ಮುಗಿಸಿ ನೇರವಾಗಿ ಬಂದ ನರ್ಸು, ಇನ್ನೂ ಬಿಳಿ ಉಡುಪಿನಲ್ಲಿಯೇ. ಕಾರ್ಡನ್ನು ಎರಡನೆಯ ಸಲ ಓದುತ್ತಿದ್ದಳು.

ಅಪ್ಪ ಕೆಲಸಕ್ಕೆ ಹೋಗ್ತಿಲ್ಲ. ಕೆಲಸ ಹೋಯ್ತು. ಡಬ್ಬಿ ತಗೊಂಡು ರೈಲ್ವೆ ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದು ಸಂಜೆ ಬರ್ತಾರೆ. ನಾನು ನೋಡಿದೆ. ಅಮ್ಮನಿಗೆ ಹೇಳಬೇಡ ಅಂದಿದ್ದಾರೆ. ಅಮ್ಮ ಡಬ್ಬಿ ಕಟ್ಟುವಾಗ ನನಗೆ ಹೊಟ್ಟೆ ನೋಯುತ್ತೆ.

ಕಡ್ಡಿಯ ಅಪ್ಪ ಎರಡು ಮಾರು ದೂರದಲ್ಲಿ ಟೀ ಲೋಟ ಹಿಡಿದು ಯಾರೊಂದಿಗೋ ಮಾತಾಡುತ್ತಿದ್ದ. ಅಮ್ಮ ಅವನ ಹತ್ತಿರ ಹೋದಳು. ಧ್ವನಿ ಏರಿಸಲಿಲ್ಲ.

"ನಿನ್ನೆ ನಾನು ಕಟ್ಟಿಕೊಟ್ಟಿದ್ದು ಎಲ್ಲಿ ಕೂತು ತಿಂದ್ರಿ?"

ಅವನು ಕಾರ್ಡಿನ ಕಡೆ ನೋಡಿದ, ಲೋಟದ ಕಡೆ ನೋಡಿದ. "ಸ್ಟೇಷನ್ನಲ್ಲಿ" ಎಂದ.

"ಎಷ್ಟು ದಿನ ಆಯ್ತು?"

"ಐದು ತಿಂಗಳು."

ಅಕ್ಕಪಕ್ಕದವರು ಮಾತು ನಿಲ್ಲಿಸಿದರು. ಬಾಗಿಲಲ್ಲಿ ನಿಂತ ಕಡ್ಡಿ ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನು ನೋಡಲಿಲ್ಲ. ತೆರೆದ ಪೆಟ್ಟಿಗೆಯನ್ನು ನೋಡಿ, ಆಮೇಲೆ ಟೀಚರನ್ನು ನೋಡಿದಳು. ಕೈಯಲ್ಲಿದ್ದ ಹಾಡಿನ ಹಾಳೆಗಳನ್ನು ಜೋಡಿಸಿ ನೆಲದ ಮೇಲಿಟ್ಟು ಹೊರಗೆ ಹೋದಳು. ಆ ನೋಟ ರಟ್ಟಮ್ಮನ ಹೊಸ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು.

ಆಕೆ ಒಂದು ತುದಿಯಿಂದ ಶುರುಮಾಡಿ ಇಪ್ಪತ್ತಮೂರು ಕಾರ್ಡುಗಳನ್ನೂ ಕಿತ್ತು, ಮುಚ್ಚಳಗಳನ್ನೆಲ್ಲ ಒತ್ತಿದಳು. ಯಾರೂ ತಡೆಯಲಿಲ್ಲ. ಆದರೆ ಓದಿದ್ದನ್ನು ಓದಿಲ್ಲವೆಂದು ಮಾಡಲು ಯಾವ ಮುಚ್ಚಳದಿಂದಲೂ ಆಗುವುದಿಲ್ಲ.

ಮಂಗಳವಾರ ಸಂಜೆ ಚರ್ಚಿನ ಸಮಿತಿ ಸೇರಿತು. ತಾಯಿತಂದೆಯರು ಕೋಪದಲ್ಲಿದ್ದರು, ಕೋಪಕ್ಕೆ ಒಂದು ತಲೆ ಬೇಕಾಗಿತ್ತು. ಕಾರ್ಯದರ್ಶಿ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ಮುಂದೆ ತಳ್ಳಿದ.

"ಸಹಿ ನಿಮ್ದೇ ತಾನೆ?"

ರಟ್ಟಮ್ಮ ಕಪ್ಪು ಕನ್ನಡಕ ತೆಗೆದು ಓದಿದಳು. ಗೆಳತಿ ಓದಿಹೇಳಿದ ಸಾಲು ಇತ್ತು. ಅದರ ಕೆಳಗೆ, ಪೆಟ್ಟಿಗೆಗಳನ್ನು ತೆರೆದು, ಒಳಗಿನ ಬರಹಗಳನ್ನು ಮಕ್ಕಳ ಹೆಸರಿನೊಂದಿಗೆ ಪ್ರದರ್ಶಿಸಲೂ ನನ್ನ ಒಪ್ಪಿಗೆಯಿದೆ ಎಂಬ ಇನ್ನೊಂದು ಸಾಲು. ಮೇಜು ಎಷ್ಟು, ಹಾಳೆ ಎಷ್ಟು ಎಂಬುದು ಎಲ್ಲಿಯೂ ಇರಲಿಲ್ಲ. ಕೊನೆಯಲ್ಲಿ ಆಕೆಯ ಸಹಿ, ಇಳಿಜಾರಿನಲ್ಲಿ ಜಾರುವಂತೆ ಸೊಟ್ಟಗೆ.

"ಸಹಿ ನಂದೇ. ಈ ಸಾಲು ನನಗೆ ಓದಿ ಹೇಳಿಲ್ಲ."

ಎಲ್ಲರೂ ಹಾರ್ಮೋನಿಯಂ ಆಂಟಿಯ ಕಡೆ ನೋಡಿದರು. ಅವಳು ಸೀರೆಯ ಸೆರಗಿನ ಅಂಚನ್ನು ನೋಡುತ್ತಿದ್ದಳು. "ಪಾಪ, ಆಗ ಅವಳಿಗೆ ನೋವು ಜಾಸ್ತಿ ಇತ್ತು" ಎಂದಳು. ಅದರ ಅರ್ಥ ಏನು ಬೇಕಾದರೂ ಮಾಡಿಕೊಳ್ಳಬಹುದಿತ್ತು, ಸಮಿತಿ ತನಗೆ ಬೇಕಾದ ಅರ್ಥ ಮಾಡಿಕೊಂಡಿತು. ಪೆಟ್ಟಿಗೆಗಳು ಇನ್ನು ಬೇಡ, ಅಭ್ಯಾಸ ಪುಸ್ತಕ ಬರಲಿ, ಟೀಚರು ಬೇಕಾದರೆ ಆಟ ಆಡಿಸಲಿ.

ಮನೆಗೆ ಬರುವ ದಾರಿಯಲ್ಲಿ ತಮ್ಮ, "ಬೇಲಿನೇ ಎದ್ದು ಹೊಲ ಮೇಯ್ತು ಬಿಡಕ್ಕ" ಎಂದ. "ಬೇಲಿ ಹಾಕಿದವಳು ನಾನು" ಎಂದಳು ಆಕೆ.

ಮರುದಿನ ಮಧ್ಯಾಹ್ನ ಯಂತ್ರ ನಿಲ್ಲಿಸಿ ಹಾರ್ಮೋನಿಯಂ ಆಂಟಿಯ ಮನೆಗೆ ಹೋದಳು. ಅವಳು ಬಾಗಿಲು ತೆರೆದು, ಏನೂ ಆಗದವಳಂತೆ, "ಬಾರೇ, ಕಣ್ಣಿಗೆ ಔಷಧಿ ಹಾಕ್ಕೊಂಡ್ಯಾ?" ಎಂದಳು.

"ಆ ಸಾಲು ಯಾಕೆ ಬಿಟ್ಟೆ?"

ಹಾರ್ಮೋನಿಯಂ ಆಂಟಿ ಕೂತಳು. "ಓದಿದ್ರೆ ನೀನು ಸಹಿ ಹಾಕ್ತಿದ್ಯಾ?" ಎಂದಳು.

"ಇಲ್ಲ."

"ಅದಕ್ಕೇ ಬಿಟ್ಟೆ. ನಿನ್ನ ತರಗತಿ ಮುಚ್ಚಿಸ್ತಾರೆ ಅಂತ ಗೊತ್ತಿತ್ತು ನಂಗೆ. ಪೆಟ್ಟಿಗೆ ಒಳಗೆ ಏನಿದೆ ಅಂತ ಜನ ನೋಡಿದ್ರೆ, ಅಬ್ಬಾ ಮಕ್ಕಳ ಕೈಲಿ ಹೀಗೆಲ್ಲ ಬರೆಸಿದ್ದಾಳಲ್ಲ ಅಂತಾರೆ, ಯಾರೂ ನಿನ್ನ ಮುಟ್ಟಲ್ಲ ಅಂದ್ಕೊಂಡೆ. ನಿನಗೋಸ್ಕರ ಮಾಡಿದೆ ಕಣೇ."

"ಕಡ್ಡಿದೂ ನನಗೋಸ್ಕರವೇ ಬರೆದ್ಯಾ?"

"ಅದು ಯಾಕೋಬನ ವಿಷಯ ಅಂದ್ಕೊಂಡೆ."

"ಯಾಕೋಬನ ಕಾಲದಲ್ಲಿ ರೈಲ್ವೆ ಸ್ಟೇಷನ್ ಇತ್ತೇನೇ?"

ಹಾರ್ಮೋನಿಯಂ ಆಂಟಿ ಎದ್ದು ಹೋಗಿ, ಓರೆಯಾಗದಿದ್ದ ಕಿಟಕಿಯ ಪರದೆಯನ್ನು ಸರಿಮಾಡಿದಳು. ಅತ್ತ ತಿರುಗಿಕೊಂಡೇ ಹೇಳಿದಳು: "ಮೂವತ್ತೊಂದು ವರ್ಷ ಹಾಡು ಹೇಳಿಕೊಟ್ಟೆ. ಒಂದು ಮಗುವೂ ನನ್ನ ಹತ್ರ ಬಂದು ಒಂದು ಗುಟ್ಟು ಹೇಳ್ಲಿಲ್ಲ. ನಿನಗೆ ನಗೋಕೂ ಬರಲ್ಲ, ನಿನ್ನ ರಟ್ಟಿಗೆ ಹೇಳ್ತಿದ್ವು. ಒಂದು ಸಲ ಓದೋಣ ಅನ್ನಿಸ್ತು. ಒಂದು ಓದಿದ ಮೇಲೆ ಎಲ್ಲ ಓದಿದೆ. ಸಾಕಾ?"

"ಸಾಕು. ಇದನ್ನ ಮಕ್ಕಳಿಗೆ ಹೇಳು. ನಾನು ತೆಗೆದೆ, ಟೀಚರಿಗೆ ಗೊತ್ತಿರ್ಲಿಲ್ಲ ಅಂತ ಅಷ್ಟು ಹೇಳು. ಸಮಿತಿಗೆ ಬೇಡ. ಮಕ್ಕಳಿಗೆ."

"ಆಯ್ತು. ಹೇಳ್ತೀನಿ."

ಇದನ್ನು ರಟ್ಟಮ್ಮ ನಂಬಿದಳು.

ಆ ಭಾನುವಾರ ಇಪ್ಪತ್ತಮೂರರಲ್ಲಿ ಒಂಬತ್ತು ಮಕ್ಕಳು ಬಂದರು. ಗಿಡ್ಡ ಬೆಂಚುಗಳಲ್ಲಿ ದೂರದೂರ ಕೂತರು. ಪಕ್ಕದ ಕೋಣೆಯಲ್ಲಿ ಸಣ್ಣ ಮಕ್ಕಳಿಗೆ ಹಾಡಿನ ಪಾಠ ನಡೆಯುತ್ತಿತ್ತು. ಗೊಲ್ಯಾತನ ಹುಡುಗ ಕೈಯೆತ್ತಿದ.

"ಟೀಚರ್, ನಂದು ಓದಿ ನೀವೂ ನಕ್ಕಿದ್ರಾ?"

"ನಿಂದು ನಾನು ಓದ್ಲಿಲ್ಲ. ತೆಗೀಲೂ ಇಲ್ಲ."

"ಸಹಿ ಹಾಕಿದ್ದೀರಂತೆ. ಅಪ್ಪ ನೋಡಿದ್ರು."

"ಹಾಕಿದ್ದೀನಿ. ಕಣ್ಣು ಕಾಣ್ತಿರ್ಲಿಲ್ಲ. ಓದಿ ಹೇಳಿದವರು ಒಂದು ಸಾಲು ಬಿಟ್ಟು ಓದಿದ್ರು."

"ಯಾರು?"

ಸ್ನೇಹಿತೆಯ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವುದು ದೊಡ್ಡತನ ಎನ್ನುವವರಿದ್ದಾರೆ. ಆ ದೊಡ್ಡತನದ ಭಾರ ಹೊರಬೇಕಾದವರು ಈ ಒಂಬತ್ತು ಮಕ್ಕಳು. ಹಾಗಾಗಿ ಆಕೆ ಅದಕ್ಕೆ ಕೈಹಾಕಲಿಲ್ಲ. "ಹಾರ್ಮೋನಿಯಂ ಆಂಟಿ. ನಿಮಗೆ ಅವರೇ ಹೇಳ್ತಾರೆ, ಹೋಗಿ ಕೇಳಿ" ಎಂದಳು.

ಮಕ್ಕಳು ಪಕ್ಕದ ಕೋಣೆಗೆ ಓಡಿದರು. ಹಾರ್ಮೋನಿಯಂ ನಿಂತಿತು. ಮಧ್ಯದಲ್ಲಿ ಬರೀ ಹಲಗೆಯ ಗೋಡೆಯಿದ್ದುದರಿಂದ ಪ್ರತಿಯೊಂದು ಮಾತೂ ಕೇಳಿಸಿತು. ಅಲ್ಲಿ ಪಾಸ್ಟರ ಹೆಂಡತಿಯೂ ಕೂತಿದ್ದಳು. ಹಾರ್ಮೋನಿಯಂ ಆಂಟಿ ಒಪ್ಪಿಕೊಳ್ಳಬೇಕಾದದ್ದು ಅವಳ ಮುಂದೆ.

"ಅಯ್ಯೋ ಚಿನ್ನ, ಹಾಗಂದ್ರಾ ಟೀಚರು?" ಅದೇ ಮೂವತ್ತೊಂದು ವರ್ಷದ ಧ್ವನಿ. "ನಾನು ಪೂರ್ತಿ ಓದಿ ಹೇಳಿದ್ದೆ. ನಿಮ್ಮ ಟೀಚರಿಗೆ ವಯಸ್ಸಾಯ್ತಲ್ಲ, ಮರೆತಿದ್ದಾರೆ. ನೀವು ಏನೂ ಅನ್ನಬೇಡಿ ಅವರಿಗೆ. ಬನ್ನಿ, ಒಂದು ಹಾಡು ಹೇಳೋಣ."

ಒಂಬತ್ತರಲ್ಲಿ ಆರು ಮಕ್ಕಳು ಹಾಡಿಗೆ ಅಲ್ಲಿಯೇ ಉಳಿದರು. ಮೂವರು ಮರಳಿ ಬಂದು, ಯಾರ ಮಾತು ನಂಬಬೇಕೆಂದು ತಿಳಿಯದೆ, ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತರು. ರಟ್ಟಮ್ಮ ಅವರಿಗೆ ಯೋನನ ಆಟ ಆಡಿಸಿದಳು. ಮೇಜಿನ ಮೇಲೆ ಬಡಿಯಲು ಇಬ್ಬರೇ ಇದ್ದರು, ಸದ್ದೇ ಬರಲಿಲ್ಲ. ಒಂದು ಸಾಲನ್ನು ಬಿಟ್ಟು ಓದಿದ್ದನ್ನು ಆಕೆ ಅಸೂಯೆಯ ಲೆಕ್ಕಕ್ಕೆ ಹಾಕಿದ್ದಳು, ಅಸೂಯೆ ಮನುಷ್ಯರಿಗೆ ಬರುವಂಥದೇ. ಒಪ್ಪಿಕೊಂಡ ಮೇಲೆ ಮಕ್ಕಳ ಎದುರು ಸುಳ್ಳಾಡಿದ್ದನ್ನು ಯಾವ ಲೆಕ್ಕಕ್ಕೂ ಹಾಕಲಾಗಲಿಲ್ಲ. ಅಂದಿನಿಂದ ಆಕೆ ಆ ಮನೆಯ ಬೀದಿಯನ್ನು ಬಿಟ್ಟು, ಅಂಚೆ ಕಚೇರಿಯ ಸುತ್ತು ಹಾಕಿ ಚರ್ಚಿಗೆ ಹೋಗತೊಡಗಿದಳು. ಹಾರ್ಮೋನಿಯಂ ಆಂಟಿ ಎರಡು ಸಲ ಹೇಳಿಕಳಿಸಿದಳು, ಒಂದು ಸಲ ತಾನೇ ಕಾರ್ಖಾನೆಯ ಬಾಗಿಲಿಗೆ ಬಂದಳು. ಯಂತ್ರದ ಸದ್ದಿನಲ್ಲಿ ರಟ್ಟಮ್ಮ ತಲೆಯೆತ್ತಲಿಲ್ಲ.

ಆಕೆಗೆ ಬೇಕಾಗಿದ್ದುದು ಕಡ್ಡಿ. ಸಮಿತಿ ಏನೆಂದುಕೊಂಡರೂ ಆಕೆ ಸ್ವಲ್ಪವೂ ತಲೆಕೆಡಿಸಿಕೊಳ್ಳುವವಳಲ್ಲ. ಆದರೆ ಹೊಟ್ಟೆನೋವನ್ನು ಚೀಟಿಯಲ್ಲಿ ಬರೆದು ತನ್ನ ಬೀರುವಿನಲ್ಲಿಟ್ಟ ಹುಡುಗಿ, ಟೀಚರೇ ತೆಗೆದು ಹಂಚಿದಳು ಎಂದುಕೊಂಡೇ ದೊಡ್ಡವಳಾಗುವುದು ಆಕೆಗೆ ಸಹಿಸಲಾಗದ ವಿಷಯ. ಸಂಜೆ ಐದು ಗಂಟೆಗೆ ಅವರ ಮನೆಗೆ ಹೋದಾಗ ನರ್ಸಮ್ಮ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು, "ಅವಳು ಮಲಗಿದ್ದಾಳೆ" ಎಂದಳು. ಒಳಗೆ ಕಡ್ಡಿ ಮಗ್ಗಿ ಹೇಳುವ ಸದ್ದು ಕೇಳುತ್ತಿತ್ತು. ಎರಡನೆಯ ಸಲ ಅಪ್ಪ ಬಾಗಿಲು ತೆರೆದ. ತಲೆ ತಗ್ಗಿಸಿ ಮತ್ತೆ ಮುಚ್ಚಿದ. ಮೂರನೆಯ ಸಲ ಆಕೆ ಹೋಗಲಿಲ್ಲ.

ಆರು ವಾರವಾದ ಮೇಲೆ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಕಡ್ಡಿ ಕಾರ್ಖಾನೆಗೆ ತಾನೇ ಬಂದಳು. ಬೆನ್ನಿಗೆ ಚೀಲ. ರಟ್ಟಮ್ಮ ಯಂತ್ರ ನಿಲ್ಲಿಸಿದಳು.

"ಅಮ್ಮ ಕಳಿಸಿಲ್ಲ. ನಾನೇ ಬಂದೆ."

"ಕೂತ್ಕೋ."

"ನಿಂತೇ ಇರ್ತೀನಿ. ಒಂದು ಕೇಳ್ಬೇಕಿತ್ತು."

"ಕೇಳು."

"ನೀವು ಹೇಳ್ತೀರಂತೆ, ಆಂಟಿ ಸಾಲು ಬಿಟ್ರು ಅಂತ. ಆಂಟಿ ಹೇಳ್ತಾರೆ, ನೀವು ಮರೆತ್ರಿ ಅಂತ. ಯಾರದು ನಿಜ?"

"ನಂದು."

"ಯಾರಾದ್ರೂ ನೋಡಿದ್ದಾರಾ?"

"ಇಲ್ಲ."

ಕಡ್ಡಿ ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಯೋಚಿಸಿದಳು. "ಹೋದ ವರ್ಷ ನಾನು ಒಂದು ಕತ್ತರಿ ವಾಪಸ್ ಕೊಡೋದು ಮರೆತಿದ್ದೆ. ನೀವು ಎಂಟು ತಿಂಗಳಾದ ಮೇಲೆ ಕೇಳಿದ್ರಿ. ಹಿಡಿ ನೀಲಿ, ತುದಿ ಮುರಿದಿದೆ ಅಂತಾನೂ ಹೇಳಿದ್ರಿ."

"ಹೌದು. ಇನ್ನೂ ಕೊಟ್ಟಿಲ್ಲ."

"ನೀವು ಮರೆಯೋರಲ್ಲ ಟೀಚರ್. ಆಂಟಿ ಸುಳ್ಳು ಹೇಳ್ತಾರೆ."

ರಟ್ಟಮ್ಮ ಮೇಜಿನ ಮೇಲಿನ ರಟ್ಟಿನ ಹಾಳೆಗಳ ಅಂಚನ್ನು ಅಂಗೈಯಿಂದ ತಟ್ಟಿ ಸಮಮಾಡಿದಳು.

"ಮನೆಲಿ ಹೇಗಿದೆ?" ಎಂದು ಆಮೇಲೆ ಕೇಳಿದಳು.

"ಅಮ್ಮ ಅಪ್ಪನ ಹತ್ರ ಮಾತಾಡಲ್ಲ. ಅಪ್ಪ ನನ್ನ ಹತ್ರ ಮಾತಾಡಲ್ಲ. ನಾನು ಇಬ್ಬರ ಹತ್ರಾನೂ ಮಾತಾಡ್ತೀನಿ."

"ಹೊಟ್ಟೆ?"

"ನೋಯಲ್ಲ ಈಗ" ಎಂದಳು ಕಡ್ಡಿ, ಹೊರಗಿನ ಬೀದಿಯನ್ನು ನೋಡುತ್ತ. "ಭಾನುವಾರದಿಂದ ಬರ್ತೀನಿ. ಅಮ್ಮನ್ನ ನಾನು ಒಪ್ಪಿಸ್ತೀನಿ. ಆಟಕ್ಕೆ ಮಾತ್ರ. ಪೆಟ್ಟಿಗೆ ಮಾಡಲ್ಲ."

"ಸಮಿತಿ ಬೇಡ ಅಂದಿದೆ. ಆದ್ರೆ ಮನೆಗೆ ಬಂದ್ರೆ ಇಲ್ಲೇ ಮಾಡಿಸಬಹುದು. ನಾನು ಮೊದಲೂ ತೆಗೀಲಿಲ್ಲ, ಮುಂದೂ ತೆಗೆಯಲ್ಲ."

"ಗೊತ್ತು. ನೀವು ತೆಗೆಯಲ್ಲ." ಹುಡುಗಿ ಟೀಚರನ್ನು ನೇರವಾಗಿ ನೋಡಿದಳು, ಕೋಪವೇನೂ ಇರಲಿಲ್ಲ. "ಆದ್ರೆ ನೀವು ಬೇರೆಯವರನ್ನ ನಂಬ್ತೀರಿ."

ರಟ್ಟಮ್ಮ ಸಮಮಾಡಿದ ಹಾಳೆಗಳನ್ನು ಯಂತ್ರದ ಪಕ್ಕಕ್ಕೆ ಸರಿಸಿದಳು.

"ಸರಿ. ಒಂಬತ್ತು ಗಂಟೆಗೆ ಬಾ. ತಡ ಮಾಡಬೇಡ" ಎಂದಳು.